ಮೇಪಲ್ ಮರದ ಬುಡ ಬಿಡಿಸಿ, ಸುತ್ತ ಬೆಂಚು ಮಾಡಿದ ವರ್ಷ

ನಮ್ಮ ಹಿತ್ತಲಲ್ಲಿ ಒಂದು ಜಪಾನೀಸ್ ಮೇಪಲ್ ಮರ ಇದೆ. ನೆಟ್ಟು ಹದಿನೆಂಟು ವರ್ಷ ಆಯಿತು. ಎತ್ತರ ಸುಮಾರು 4 ಮೀಟರ್, ಹರವು ಅದಕ್ಕಿಂತ ಸ್ವಲ್ಪ ಜಾಸ್ತಿ. ತಳಿಯ ಹೆಸರು ಒಸಾಕಝುಕಿ. ಬೇಸಿಗೆಯಲ್ಲಿ ನೋಡಿದರೆ ಸಾದಾ ಹಸಿರು ಮರ. ಶರತ್ಕಾಲದಲ್ಲಿ, ಎಲೆ ಉದುರುವ ಮುಂಚೆ, ಎರಡು ಮೂರು ವಾರ ಇಡೀ ಮರ ಕೆಂಡದ ಹಾಗೆ ಹೊಳೆಯುತ್ತದೆ. ಆ ಎರಡು ಮೂರು ವಾರಕ್ಕಾಗಿಯೇ ನಾನು ಇದನ್ನು ನೆಟ್ಟಿದ್ದು.

ಆದರೆ ಕಳೆದ ವರ್ಷ, ಅದರ ಹಿಂದಿನ ವರ್ಷ, ಎರಡು ಸಲವೂ ಆ ಕೆಂಪು ಬರಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಎಲೆಯ ತುದಿಗಳು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಪಶ್ಚಿಮದ ಕಡೆಯ ಒಂದು ಕೊಂಬೆ ಮಾತ್ರ ಉಳಿದವಕ್ಕಿಂತ ಒಂದು ತಿಂಗಳು ಮೊದಲೇ ಮಂಕು ಕೆಂಪಾಯಿತು. ಮೊದಲ ಸಲ ಅದನ್ನು ನೋಡಿ ಖುಷಿಪಟ್ಟಿದ್ದೆ, ಬಣ್ಣ ಬೇಗ ಶುರುವಾಯಿತು ಅಂತ. ಅದು ಖುಷಿಪಡುವ ವಿಷಯ ಆಗಿರಲಿಲ್ಲ. ಒಂದೇ ಕೊಂಬೆ ಹೀಗೆ ಬೇಗ ಬಣ್ಣ ತಿರುಗಿದರೆ ಅದಕ್ಕೆ ಏನೋ ತೊಂದರೆ ಇದೆ ಅಂತ ಅರ್ಥ. ಉಳಿದ ಎಲೆಗಳು ಬಣ್ಣ ಬರುವ ಮೊದಲೇ ಸುರುಟಿಕೊಂಡು ಉದುರಿದವು.

ಅದನ್ನು ಸರಿಮಾಡಿದ್ದನ್ನು, ಆಮೇಲೆ ಮರದ ಸುತ್ತ ಕೂರಲು ಒಂದು ಬೆಂಚು ಮಾಡಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಬೆಂಚಿನ ಆಸೆ ಹಳೆಯದು. ಬುಡ ಸರಿಯಾಗದೆ ಅದರ ಸುತ್ತ ಏನನ್ನೂ ಕಟ್ಟುವುದು ಬೇಡ ಅಂತ ಕೆಲಸವನ್ನು ಚಳಿಗಾಲದಿಂದ ಶುರುಮಾಡಿದೆ.

ಚಳಿಗಾಲ: ಬುಡ ಎಲ್ಲಿದೆ?

ಎಲೆಯೆಲ್ಲ ಉದುರಿ ಮರ ಬೋಳಾಗಿತ್ತು. ಮೊದಲು ಒಂದು ಒಣಗಿದ ಕಡ್ಡಿಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದೆ. ಮೇಪಲ್ ಮರಗಳಿಗೆ ವರ್ಟಿಸಿಲಿಯಂ ಅನ್ನುವ ಶಿಲೀಂಧ್ರ ರೋಗ ಬರುತ್ತದೆ. ಅದು ಮಣ್ಣಿನಿಂದ ಬೇರಿಗೆ ಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟಿಹಾಕುತ್ತದೆ. ಆ ರೋಗ ಇದ್ದರೆ ಕತ್ತರಿಸಿದ ಕಡ್ಡಿಯೊಳಗೆ ಕಪ್ಪು ಇಲ್ಲವೇ ಕಡು ಹಸಿರು ಗೆರೆ, ಚುಕ್ಕೆ ಕಾಣುವುದು ಸಾಮಾನ್ಯ. ಮೂರು ಕಡ್ಡಿ ನೋಡಿದೆ. ಒಳಗೆಲ್ಲ ಬಿಳಿ. ಅರ್ಧ ಸಮಾಧಾನ ಆಯಿತು.

ಆಮೇಲೆ ಮಂಡಿಯೂರಿ ಬುಡ ನೋಡಿದೆ. ಕಾಂಡ ಕಂಬ ನೆಟ್ಟ ಹಾಗೆ ನೇರವಾಗಿ ಮಣ್ಣಿಗೆ ಇಳಿದಿತ್ತು. ಮರದ ಬುಡ ಹಾಗಿರಬಾರದು. ನೆಲ ಮುಟ್ಟುವ ಕಡೆ ಕಾಂಡ ಅಗಲವಾಗಬೇಕು. ಅಲ್ಲಿಂದ ದಪ್ಪ ಬೇರುಗಳು ಬೆರಳು ಚಾಚಿದ ಹಾಗೆ ನಾಲ್ಕೂ ಕಡೆ ಹೊರಡುವುದು ಕಣ್ಣಿಗೆ ಕಾಣಬೇಕು. ನಮ್ಮ ಮರದ ಬುಡ ಮಣ್ಣಿನ ಒಳಗೆ ಎಲ್ಲೋ ಇತ್ತು.

ಹೂತದ್ದು ನಾನೇ. ವರ್ಷಾ ವರ್ಷ ತೊಗಟೆ ಚೂರು, ಗೊಬ್ಬರ, ಒಣಗಿದ ಎಲೆ ತಂದು ಕಾಂಡಕ್ಕೆ ಆನಿಸಿ ಗುಡ್ಡೆ ಹಾಕುತ್ತಿದ್ದೆ. ಮರಕ್ಕೆ ಬೆಚ್ಚಗಿರಲಿ, ತೇವ ನಿಲ್ಲಲಿ ಅನ್ನುವ ಪ್ರೀತಿಯಿಂದ ಮಾಡಿದ್ದು. ಕಾಂಡದ ತೊಗಟೆಗೆ ಗಾಳಿ ಬೇಕು. ಬೇರಿನ ತೊಗಟೆಯ ಹಾಗೆ ಸದಾ ಒದ್ದೆಯಲ್ಲಿ ಇರಲು ಅದಕ್ಕೆ ಆಗುವುದಿಲ್ಲ. ಮೆತ್ತಗಾಗಿ ಕೊಳೆಯುತ್ತದೆ. ಗುಡ್ಡೆ ಬಿದ್ದ ಬುಡದ ಬೇರುಗಳಿಗೂ ಉಸಿರು ಕಟ್ಟುತ್ತದೆ. ಆಗ ಮರ ಮೇಲಿನ ಸಡಿಲ ಗೊಬ್ಬರದಲ್ಲಿ ಹೊಸ ಬೇರು ಬಿಡುತ್ತದೆ. ಅವುಗಳಲ್ಲಿ ಕೆಲವು ಹೊರಗೆ ಹೋಗುವ ಬದಲು ಕಾಂಡವನ್ನೇ ಸುತ್ತಿಕೊಂಡು ಬೆಳೆಯುತ್ತವೆ. ವರ್ಷ ಕಳೆದ ಹಾಗೆ ಕಾಂಡವೂ ದಪ್ಪ ಆಗುತ್ತದೆ, ಸುತ್ತಿದ ಬೇರೂ ದಪ್ಪ ಆಗುತ್ತದೆ. ಕೊನೆಗೆ ಬೇರೇ ಕುಣಿಕೆಯಾಗಿ ಬಿಗಿಯುತ್ತದೆ.

ಬಿಡಿಸುವ ಕೆಲಸಕ್ಕೆ ಗುದ್ದಲಿ ಮುಟ್ಟಲಿಲ್ಲ. ಮರದ ಆಹಾರ ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಮೇಲಿನ 30 ಸೆಂ.ಮೀ. ಮಣ್ಣಿನಲ್ಲೇ ಇರುತ್ತವೆ. ಅದರಲ್ಲೂ ಜಪಾನೀಸ್ ಮೇಪಲ್ ಬೇರು ತುಂಬಾ ಮೇಲ್ಮೇಲೆ ಹರಡುವ ಜಾತಿ. ಗುದ್ದಲಿಯ ಒಂದು ಏಟಿಗೆ ಎಷ್ಟು ಬೇರು ಹೋಗುತ್ತವೋ ಗೊತ್ತಾಗುವುದಿಲ್ಲ. ಕೈ, ಒಂದು ಚೂಪು ಮಾಡಿದ ಬಿದಿರು ಕಡ್ಡಿ, ಹಳೆಯ ಪೇಂಟ್ ಬ್ರಷ್, ಮಣ್ಣು ಗಟ್ಟಿ ಇದ್ದ ಕಡೆ ಪೈಪಿನ ನೀರು. ಇಷ್ಟೇ ಸಾಮಾನು. ಒಂದು ಶನಿವಾರ, ಒಂದು ಭಾನುವಾರ ಪೂರ್ತಿ ಹಿಡಿಯಿತು.

ಮೊದಲು ಸಿಕ್ಕಿದ್ದು ಕಸಿ ಗಂಟು. ಒಸಾಕಝುಕಿಯಂಥ ತಳಿಗಳನ್ನು ಸಾಮಾನ್ಯವಾಗಿ ಬೀಜದಿಂದ ಬೆಳೆದ ಮೇಪಲ್ ಸಸಿಯ ಮೇಲೆ ಕಸಿ ಕಟ್ಟಿ ಬೆಳೆಸುತ್ತಾರೆ. ಆ ಗಂಟು ನೆಲದಿಂದ ಮೇಲೆ ಕಾಣಬೇಕು. ನಮ್ಮದು ಅರ್ಧ ಹೂತುಹೋಗಿತ್ತು. ಅದರ ಕೆಳಗಿನಿಂದ ಒಂದು ಚಿಗುರು ಬಂದು ಮಾರುದ್ದ ಬೆಳೆದಿತ್ತು. ಅದು ತಳಸಸಿಯದ್ದು, ನಮ್ಮ ತಳಿಯದ್ದಲ್ಲ. ಬಿಟ್ಟರೆ ಅದೇ ಜೋರಾಗಿ ಬೆಳೆದು ಮೇಲಿನದನ್ನು ಸೊರಗಿಸುತ್ತದೆ. ಬುಡಕ್ಕೇ ಕತ್ತರಿಸಿ ತೆಗೆದೆ.

ಇನ್ನೂ ಕೆಳಗೆ ಹೋದೆ. ಗೊಬ್ಬರದ ಪದರದ ತುಂಬ ಕೂದಲಿನಂಥ ಬೇರುಗಳು, ಜಡೆ ಹೆಣೆದ ಹಾಗೆ. ಅವನ್ನು ಕತ್ತರಿಯಿಂದ ಬಿಡಿಸಿ ತೆಗೆದೆ. ಸರಿಯಾಗಿ 9 ಸೆಂ.ಮೀ. ಇಳಿದ ಮೇಲೆ ಕಾಂಡ ಅಗಲವಾಗಲು ಶುರುವಾಯಿತು. ಬುಡ ಸಿಕ್ಕಿತು. ಪಶ್ಚಿಮದ ಕಡೆಗೆ, ಆ ಬೇಗ ಕೆಂಪಾಗುತ್ತಿದ್ದ ಕೊಂಬೆಯ ನೇರ ಕೆಳಗೆ, ಹೆಬ್ಬೆರಳು ದಪ್ಪದ ಒಂದು ಬೇರು ಕಾಂಡಕ್ಕೆ ಅಡ್ಡವಾಗಿ ಒತ್ತಿಕೊಂಡು ಕೂತಿತ್ತು. ಒತ್ತಿದ ಕಡೆ ಕಾಂಡದಲ್ಲಿ ಹಳ್ಳ ಬಿದ್ದಿತ್ತು. ಅಲ್ಲೇ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಎರಡು ವರ್ಷ ಮೇಲೆ ಎಲೆ ನೋಡಿ ತಲೆ ಕೆಡಿಸಿಕೊಂಡಿದ್ದೆ. ಉತ್ತರ ಕಾಲ ಕೆಳಗೇ ಇತ್ತು.

ಬೇರು ಕತ್ತರಿಸುವ ಮುಂಚೆ ಎರಡು ದಿನ ಯೋಚಿಸಿದೆ. ದೊಡ್ಡ ಬೇರು ತೆಗೆದರೆ ಅದು ಹೀರುತ್ತಿದ್ದ ನೀರೂ ಹೋಗುತ್ತದೆ, ಅಲ್ವಾ? ಆದರೆ ಇದು ಮರದ ಒಟ್ಟು ಬೇರುಗಳಲ್ಲಿ ಒಂದು ಚಿಕ್ಕ ಪಾಲು. ಬಿಟ್ಟರೆ ಬಿಗಿತ ವರ್ಷಾ ವರ್ಷ ಜಾಸ್ತಿ ಆಗುವುದೇ ಹೊರತು ಕಡಿಮೆ ಆಗುವುದಿಲ್ಲ. ಮರ ಮಲಗಿರುವ ಕಾಲ ಬೇರೆ, ಎಲೆ ಇಲ್ಲ, ನೀರಿನ ಬೇಡಿಕೆ ಇಲ್ಲ. ಮಾಡುವುದಾದರೆ ಈಗಲೇ.

ಗರಗಸ ಆಡಿಸಲು ಜಾಗ ಇರಲಿಲ್ಲ. ಅಗಲ ಕಡಿಮೆಯ ಉಳಿಯನ್ನು ಚೆನ್ನಾಗಿ ಮಸೆದು, ಕೊಡತಿಯಿಂದ ಮೆಲ್ಲಗೆ ಹೊಡೆಯುತ್ತಾ ಎರಡು ಕಡೆ ಕಡಿದೆ. ಉಳಿಯ ಬಾಯಿ ಕಾಂಡದ ಕಡೆ ತಿರುಗದ ಹಾಗೆ ನೋಡಿಕೊಂಡೆ. 11 ಸೆಂ.ಮೀ. ಉದ್ದದ ತುಂಡು ಬಿಡುಗಡೆ ಆಯಿತು. ಹೊರಗೆ ಎಳೆದರೆ ಬರುವ ಹಾಗಿತ್ತು. ಕಾಂಡಕ್ಕೆ ಅಂಟಿಕೊಂಡಿದ್ದರೆ ಎಳೆಯಬಾರದು, ತೊಗಟೆ ಕಿತ್ತು ಬರುತ್ತದೆ. ಆಗ ಕಡಿದು ಹಾಗೇ ಬಿಟ್ಟರೆ ಸಾಕು, ತಾನೇ ಒಣಗಿ ಕೊಳೆಯುತ್ತದೆ.

ಕಡಿದ ಜಾಗಕ್ಕೆ ಬಣ್ಣ, ಡಾಂಬರು, ಮೇಣ ಏನೂ ಹಚ್ಚಲಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ಒಳಗಿನ ಗಾಯಗಳನ್ನು ನೋಡಿದವರು. ಮರ ಗಾಯವನ್ನು ನಮ್ಮ ಚರ್ಮದ ಹಾಗೆ ವಾಸಿ ಮಾಡಿಕೊಳ್ಳುವುದಿಲ್ಲ, ಅದರ ಸುತ್ತ ಗೋಡೆ ಕಟ್ಟಿ ಪ್ರತ್ಯೇಕ ಮಾಡುತ್ತದೆ ಅಂತ ತೋರಿಸಿದ್ದು ಅವರೇ. ಮೇಲೆ ಹಚ್ಚುವ ಬಣ್ಣ ಕೊಳೆಯುವುದನ್ನು ತಡೆಯುವುದಿಲ್ಲ ಅಂತಲೂ ಅವರು ಹೇಳಿದ್ದರು. ಚೂಪಾದ ಹತಾರದಿಂದ ನಯವಾಗಿ ಕಡಿದರೆ ಉಳಿದದ್ದನ್ನು ಮರ ನೋಡಿಕೊಳ್ಳುತ್ತದೆ.

ಹೂತಿದ್ದ ತೊಗಟೆ ಕಪ್ಪಾಗಿ ಮೆತ್ತಗಿತ್ತು. ಉಗುರಿನಿಂದ ಒಂದು ಕಡೆ ತುಸು ಕೆರೆದೆ. ಕೆಳಗೆ ಹಸಿರು. ಜೀವ ಇತ್ತು. ಅದನ್ನು ಹಾಗೇ ಗಾಳಿಗೆ ಬಿಟ್ಟೆ. ತೆಗೆದ ಮಣ್ಣನ್ನು ದೂರ ಸಾಗಿಸಿ, ಬುಡದಿಂದ ಹೊರಕ್ಕೆ ನೆಲ ಇಳಿಜಾರಾಗುವ ಹಾಗೆ ಸವರಿದೆ. ಇಲ್ಲದಿದ್ದರೆ ಬಿಡಿಸಿದ ಗುಂಡಿಯಲ್ಲಿ ಮಳೆ ನೀರು ನಿಂತು ಮೊದಲಿಗಿಂತ ಕೆಡುಕು ಆಗುತ್ತಿತ್ತು.

ಚಳಿಗಾಲದ ಕೊನೆಗೆ ಕೊಂಬೆ ಕತ್ತರಿಸುವ ಆಸೆ ಬಂದರೆ ತಡೆದುಕೊಳ್ಳಿ. ಮೇಪಲ್‌ನಲ್ಲಿ ಆಗ ರಸ ಏರಲು ಶುರುವಾಗಿರುತ್ತದೆ. ಕತ್ತರಿಸಿದ ಕಡೆಯಿಂದ ದಿನಗಟ್ಟಲೆ ತೊಟ್ಟಿಕ್ಕುತ್ತದೆ. ನಾನು ಒಣ ಕಡ್ಡಿಗಳನ್ನು ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಚಿಗುರಿನಿಂದ ಬೇಸಿಗೆವರೆಗೆ

ಇಲ್ಲಿ ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದೇ ಹೆಚ್ಚು. ಗೊಬ್ಬರ ಹಾಕಲಿಲ್ಲ. ಬೇರು ಕಳೆದುಕೊಂಡ ಮರಕ್ಕೆ ಸಾರಜನಕ ಕೊಟ್ಟರೆ ಅದು ಎಲೆ ಬಿಡಲು ಓಡುತ್ತದೆ, ಅಷ್ಟು ಎಲೆಗೆ ನೀರು ಕೊಡುವ ಬೇರು ಇರುವುದಿಲ್ಲ. ಬೇಸಿಗೆ ಅರ್ಧ ದಾಟಿದ ಮೇಲೆ ಕೊಟ್ಟರಂತೂ ಚಳಿ ಬರುವ ಹೊತ್ತಿಗೆ ಎಳೆ ಚಿಗುರು ಬರುತ್ತದೆ, ಮರ ಮಲಗಲು ತಡವಾಗುತ್ತದೆ, ಬಣ್ಣವೂ ಕೆಡುತ್ತದೆ.

ಹೊಸ ಹೊದಿಕೆ ಹಾಕಿದೆ, ಈ ಸಲ ಸರಿಯಾಗಿ. ದಪ್ಪ 6 ಸೆಂ.ಮೀ. ಮಾತ್ರ. ಕಾಂಡದ ಸುತ್ತ ಒಂದು ಗೇಣು ಖಾಲಿ. ಗುಡ್ಡೆಯ ಬದಲು ಬಳೆಯ ಹಾಗೆ.

ನೀರಿನ ಲೆಕ್ಕ ಬದಲಾಯಿಸಿದೆ. ಮೊದಲು ದಿನಾ ಸಂಜೆ ಸ್ವಲ್ಪ ಚಿಮುಕಿಸುತ್ತಿದ್ದೆ. ಅದು ಮೇಲಿನ ಎರಡು ಬೆರಳು ಮಣ್ಣು ದಾಟುತ್ತಿರಲಿಲ್ಲ. ಈಗ ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಮಣ್ಣಿಗೆ ಚುಚ್ಚಿ ನೋಡುತ್ತೇನೆ. 15 ಸೆಂ.ಮೀ. ಸಲೀಸಾಗಿ ಇಳಿದರೆ ನೀರು ಬೇಡ. ಅರ್ಧಕ್ಕೆ ನಿಂತರೆ ಕೊಡುತ್ತೇನೆ. ಕಾಂಡದ ಹತ್ತಿರ ಅಲ್ಲ, ಕೊಂಬೆಗಳ ತುದಿ ನೆಲದ ಮೇಲೆ ನೆರಳು ಬೀಳಿಸುವ ಸುತ್ತಿನಲ್ಲಿ, ಪೈಪನ್ನು ಸಣ್ಣಗೆ ಬಿಟ್ಟು, ಜಾಗ ಬದಲಿಸುತ್ತಾ. ಬಿಸಿ ಗಾಳಿಯ ವಾರಗಳಲ್ಲಿ ವಾರಕ್ಕೆ ಎರಡು ಸಲ. ಉಳಿದಂತೆ ಒಂದು ಸಲವೂ ಬೇಕಾಗುತ್ತಿರಲಿಲ್ಲ.

ಬೇಸಿಗೆ ಕೊನೆಯಲ್ಲಿ ಎಲೆಯ ತುದಿ ಅಲ್ಲಲ್ಲಿ ಸುಟ್ಟಿತ್ತು. ಆದರೆ ಎಲೆಗಳು ಮರದ ಮೇಲಿದ್ದವು. ಹಸಿರಾಗಿದ್ದವು. ಪಶ್ಚಿಮದ ಕೊಂಬೆಯೂ ಉಳಿದವುಗಳ ಜೊತೆಗೇ ಇತ್ತು. ಬೆಂಚಿನ ಅಳತೆ ತೆಗೆಯಲು ಆಗ ಧೈರ್ಯ ಬಂತು.

ಬೆಂಚು: ಮೊದಲು ಅಳತೆ

ಮರದ ಸುತ್ತ ಕಲ್ಲಿನ ಕಟ್ಟೆ ಕಟ್ಟಿ, ಒಳಗೆ ಮಣ್ಣು ತುಂಬಿಸಿ ಕೂರುವುದು ಮೊದಲಿನ ಯೋಚನೆ ಆಗಿತ್ತು. ನೋಡಲು ಚೆಂದ. ಆದರೆ ಈಗ ತಾನೇ ಎರಡು ದಿನ ಕೂತು ಬುಡದಿಂದ ಮಣ್ಣು ತೆಗೆದಿದ್ದೆ. ಮತ್ತೆ ಮೊಳಕಾಲೆತ್ತರ ಮಣ್ಣು ಸುರಿದು ಈ ಮೇಪಲ್ ಬುಡ ಮುಚ್ಚುವ ಮಾತೇ ಇಲ್ಲ. ಕಟ್ಟೆಯ ತಳಪಾಯಕ್ಕೆ ತೋಡುವ ಕಾಲುವೆ ಅರ್ಧ ಬೇರು ಕಡಿಯುತ್ತದೆ. ಹಾಗಾಗಿ ಮರದ ಬೆಂಚು. ಆರು ಮೂಲೆಯದ್ದು. ನೆಲದಲ್ಲಿ ಒಂದು ಗುಂಡಿಯನ್ನೂ ತೋಡಬಾರದು, ಮರಕ್ಕೆ ಒಂದು ಮೊಳೆಯನ್ನೂ ಹೊಡೆಯಬಾರದು. ಈ ಎರಡು ನಿಯಮ ಮೊದಲೇ ಬರೆದಿಟ್ಟುಕೊಂಡೆ.

ಕೂರುವ ಎತ್ತರದಲ್ಲಿ ಕಾಂಡದ ಸುತ್ತಳತೆ 50 ಸೆಂ.ಮೀ. ಅಂದರೆ ಅಡ್ಡಗಲ ಸುಮಾರು 16. ಎರಡೂ ಕಡೆ 22 ಸೆಂ.ಮೀ. ಬಿಟ್ಟು ಒಳಗಿನ ಖಾಲಿ ಜಾಗವನ್ನು 60 ಸೆಂ.ಮೀ. ಮಾಡಿದೆ. ಈ ಮರ ನಿಧಾನಕ್ಕೆ ಬೆಳೆಯುತ್ತದೆ, ಇನ್ನು ಹತ್ತಾರು ವರ್ಷ ಕಾಂಡ ಬೆಂಚಿಗೆ ತಾಗುವುದಿಲ್ಲ. ಗಾಳಿಗೆ ತೂಗಿದರೂ ಉಜ್ಜುವುದಿಲ್ಲ.

ಆರು ಮೂಲೆಯ ಲೆಕ್ಕ ಸುಲಭ. ಎದುರುಬದುರು ಬದಿಗಳ ನಡುವಿನ ದೂರವನ್ನು 0.577ರಿಂದ ಗುಣಿಸಿದರೆ ಒಂದು ಬದಿಯ ಉದ್ದ ಸಿಗುತ್ತದೆ. ಒಳಬದಿ 60, ಅಂದರೆ ಒಂದೊಂದು ಬದಿ 34.6 ಸೆಂ.ಮೀ. ಕೂರುವ ಅಗಲಕ್ಕೆ 13.5 ಸೆಂ.ಮೀ.ಯ ಮೂರು ಹಲಗೆ, ನಡುವೆ 8 ಮಿ.ಮೀ. ಸಂದು, ಒಟ್ಟು ಸುಮಾರು 42. ಹೊರಗಿನಿಂದ ಹೊರಗೆ 144 ಸೆಂ.ಮೀ. ಹಲಗೆಗಳ ಉದ್ದನೆಯ ಅಂಚು ಒಳಗಿನಿಂದ ಹೊರಕ್ಕೆ 50.2, 66.7, 83.2. ಪ್ರತಿ ಸುತ್ತಿಗೂ 16.5 ಸೆಂ.ಮೀ. ಜಾಸ್ತಿ ಆಗುತ್ತದೆ. ನಿಮ್ಮ ಹಲಗೆಯ ಅಗಲ ಬೇರೆ ಇದ್ದರೆ ಅಗಲಕ್ಕೆ ಸಂದು ಕೂಡಿಸಿ, ಎರಡರಿಂದ ಗುಣಿಸಿ, ಮತ್ತೆ 0.577ರಿಂದ ಗುಣಿಸಿ. ಆ ಏರಿಕೆ ಬರುತ್ತದೆ.

ಎತ್ತರದ ವಿಷಯದಲ್ಲಿ ಮಾತ್ರ ಲೆಕ್ಕ ಕೆಲಸಕ್ಕೆ ಬರಲಿಲ್ಲ. ಸಾಮಾನ್ಯ ಬೆಂಚು 43ರಿಂದ 45 ಸೆಂ.ಮೀ. ಇರುತ್ತದೆ. ಹಲಗೆಯೊಂದನ್ನು ಇಟ್ಟಿಗೆಗಳ ಮೇಲೆ ಇಟ್ಟು ಅಮ್ಮನನ್ನು ಕೂರಿಸಿದೆ. ಮಂಡಿ ನೋವಿದೆ ಅವಳಿಗೆ.

"ಕೂರೋದು ಸುಲಭ ಕಣೋ, ಏಳೋದೇ ಕಷ್ಟ. ಇನ್ನೊಂಚೂರು ಎತ್ತರ ಮಾಡು" ಅಂದಳು.

ಒಂದು ಚೂರು ಮರ ಸೇರಿಸಿದೆ. ಮತ್ತೊಂದು ಸೇರಿಸಿದೆ. 48ಕ್ಕೆ ಬಂದಾಗ ಕೈ ಊರದೆ ಎದ್ದಳು. ಬೆಂಚಿನ ಎತ್ತರ 48 ಅಂತ ಗೆರೆ ಹಾಕಿದೆ. ಮಗಳಿಗೆ ಕಾಲು ನೆಲ ಮುಟ್ಟುವುದಿಲ್ಲ. ಅವಳು ಬೆಳೆಯುತ್ತಾಳೆ.

ಕೊಯ್ತ, ಜೋಡಣೆ

ಮನೆಯಲ್ಲಿ ಹಳೆಯ ಅಟ್ಟದಿಂದ ತೆಗೆದಿಟ್ಟ ತೇಗದ ಹಲಗೆಗಳಿದ್ದವು. ತೇಗದೊಳಗೆ ಎಣ್ಣೆ ಅಂಶ ಇರುವುದರಿಂದ ಮಳೆ ಬಿಸಿಲು ತಡೆಯುತ್ತದೆ. ಏನೂ ಹಚ್ಚದೆ ಬಿಟ್ಟರೆ ನಿಧಾನಕ್ಕೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕೆಂಪು ಎಲೆ ಬೀಳಲು ಅದಕ್ಕಿಂತ ಒಳ್ಳೆಯ ಹಿನ್ನೆಲೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಪಾಲಿಶ್ ಹಾಕುವುದೇ ಬೇಡ ಅಂತ ಆಗಲೇ ತೀರ್ಮಾನಿಸಿದೆ. ಒಂದು ತೊಂದರೆ ಮಾತ್ರ ಇದೆ. ತೇಗದಲ್ಲಿ ಸಿಲಿಕಾ ಇರುತ್ತದೆ, ಹತಾರದ ಬಾಯಿ ಬೇಗ ಮೊಂಡಾಗುತ್ತದೆ. ಉಜ್ಜುಗೊರಡಿನ ಅಲಗನ್ನು ಎರಡು ಹಲಗೆಗೊಮ್ಮೆ ಮಸೆಯಬೇಕಾಯಿತು. ಹಳೆಯ ಮೊಳೆ ಒಳಗಿದೆಯಾ ಅಂತ ಅಯಸ್ಕಾಂತ ಆಡಿಸಿ ನೋಡಿದ ಮೇಲೆ ಗೊರಡು ಇಡಿ. ನನಗೆ ನಾಲ್ಕು ಸಿಕ್ಕವು.

ಪ್ರತಿ ಹಲಗೆಯ ಎರಡೂ ತುದಿಗೆ 30 ಡಿಗ್ರಿ ಓರೆ. ಆರು ಬದಿ ಸೇರಿದಾಗ ಪೂರ್ತಿ ಸುತ್ತು ಬರಬೇಕು. ಇಲ್ಲಿ ಎಚ್ಚರ ಬೇಕು. ಒಂದೊಂದು ಕೊಯ್ತದಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಹನ್ನೆರಡು ಕೊಯ್ತ ಸೇರಿ ಆರು ಡಿಗ್ರಿ ಆಗುತ್ತದೆ. ಕೊನೆಯ ಜೋಡಣೆಯಲ್ಲಿ ಹೊರ ಅಂಚಿನ ಹತ್ತಿರ ಎರಡು ಬೆರಳು ತೂರುವಷ್ಟು ಬಾಯಿ ಬಿಡುತ್ತದೆ.

ಹೇಗೂ ಬೆಂಚನ್ನು ಒಂದೇ ಬಳೆಯಾಗಿ ಮಾಡಿ ಮರಕ್ಕೆ ತೊಡಿಸಲು ಆಗುವುದಿಲ್ಲ. ಮೇಲೆ ಕೊಂಬೆಗಳಿವೆ. ಎರಡು ಅರ್ಧ ಮಾಡಿ ಮರದ ಎರಡು ಕಡೆಯಿಂದ ತಂದು ಕೂಡಿಸಬೇಕು. ಈ ಕಟ್ಟುಪಾಡೇ ಆ ತಪ್ಪಿಗೂ ಮದ್ದು. ಮೂರು ಬದಿಗಳನ್ನು ಸೇರಿಸಿ ಒಂದು ಅರ್ಧ ಮಾಡಿದಾಗ ಅದರ ಎರಡು ತುದಿಗಳೂ ಒಂದೇ ನೇರ ಗೆರೆಯಲ್ಲಿ ಇರಬೇಕು. ತುದಿಗಳನ್ನು ಬೆರಳಗಲ ಉದ್ದವಾಗಿಯೇ ಬಿಟ್ಟುಕೊಂಡೆ. ಮೂರೂ ಬದಿ ಬಿಗಿದ ಮೇಲೆ ಈ ತುದಿಯಿಂದ ಆ ತುದಿಗೆ ದಾರ ಎಳೆದು, ಅದರ ಗುಂಟ ಗೆರೆ ಹಾಕಿ, ಎರಡು ತುದಿಯನ್ನೂ ಒಂದೇ ಗೆರೆಗೆ ಕೊಯ್ದೆ. ಸಣ್ಣಪುಟ್ಟ ತಪ್ಪುಗಳೆಲ್ಲ ಆ ಒಂದು ಕೊಯ್ತದಲ್ಲಿ ಹೋದವು. ಎರಡು ಅರ್ಧವನ್ನು ನೆಲದ ಮೇಲೆ ಕೂಡಿಸಿ ನೋಡಿದಾಗ ಸಂದಿನಲ್ಲಿ ಕಾಗದ ತೂರಲಿಲ್ಲ. ಮಗಳನ್ನು ಕರೆದು ತೋರಿಸಿದೆ.

ಕೆಳಗಿನ ಚೌಕಟ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರತಿ ಮೂಲೆಯ ಕೆಳಗೆ ಒಂದು ಅಡ್ಡಪಟ್ಟಿ, ಅದಕ್ಕೆ ಎರಡು ಕಾಲು, ಕಾಲುಗಳ ನಡುವೆ ಕೆಳಗೊಂದು ಪಟ್ಟಿ. ಎರಡು ಅರ್ಧ ಸೇರುವ ಕಡೆ ಇಂಥವು ಜೋಡಿ ಜೋಡಿ, ಬೋಲ್ಟ್ ಹಾಕಿ ಬಿಗಿಯಲು. ಒಟ್ಟು ಎಂಟು ಚೌಕಟ್ಟು, ಹದಿನಾರು ಕಾಲು. ಸ್ಕ್ರೂ, ಬೋಲ್ಟ್ ಎಲ್ಲ ಸ್ಟೇನ್‌ಲೆಸ್ ಸ್ಟೀಲ್. ಸಾದಾ ಕಬ್ಬಿಣದ್ದು ಹಾಕಿದರೆ ತುಕ್ಕು ಇಳಿದು ಸುತ್ತ ಕಪ್ಪು ಕಲೆ ಆಗುತ್ತದೆ. ಹಲಗೆಯ ತುದಿಯಲ್ಲಿ ಸ್ಕ್ರೂ ಹಾಕುವಾಗ ಮೊದಲು ಸಣ್ಣ ತೂತು ಕೊರೆಯಲೇಬೇಕು. ಎರಡು ಕಡೆ ಅವಸರ ಮಾಡಿದೆ, ಎರಡೂ ಸೀಳಿದವು, ಎರಡು ಹಲಗೆ ಹೊಸದಾಗಿ ಕೊಯ್ದೆ. ಕೊನೆಗೆ ಕೂರುವ ಅಂಚುಗಳನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ದುಂಡು ಮಾಡಿದೆ. ತೊಡೆಯ ಹಿಂಭಾಗಕ್ಕೆ ಚೂಪು ಅಂಚು ಒತ್ತಿದರೆ ಯಾರೂ ಹತ್ತು ನಿಮಿಷ ಕೂರುವುದಿಲ್ಲ.

ಕಾಲು ಇಡುವ ಜಾಗ ಹುಡುಕಲು ಒಂದು ಮಧ್ಯಾಹ್ನ ಬೇಕಾಯಿತು. ಬಿದಿರು ಕಡ್ಡಿಯಿಂದ ಮೆಲ್ಲಗೆ ಚುಚ್ಚಿ ನೋಡಿ, ದಪ್ಪ ಬೇರು ಇಲ್ಲದ ಕಡೆ ಚಪ್ಪಟೆ ಕಲ್ಲು ಇಟ್ಟೆ, ಕೆಳಗೆ ಒಂದು ಹಿಡಿ ಜಲ್ಲಿ. ಜೋಡಿ ಚೌಕಟ್ಟಿನ ಕಾಲುಗಳಿಗೆ ಎರಡಕ್ಕೊಂದು ಕಲ್ಲು, ಹಾಗಾಗಿ ಒಟ್ಟು ಹನ್ನೆರಡು. ಒಳಗಿನ ಕಾಲುಗಳನ್ನು ಹಲಗೆಯ ಒಳ ಅಂಚಿನಿಂದ 10 ಸೆಂ.ಮೀ. ಹೊರಕ್ಕೆ ತಂದೆ, ಬುಡದ ಅಗಲವಾದ ಭಾಗ ಅಲ್ಲಿಯವರೆಗೆ ಬರದಿರಲಿ ಅಂತ. ನೆಲ ಒಂದು ಕಡೆ 5 ಸೆಂ.ಮೀ. ತಗ್ಗು. ಮಣ್ಣು ಹಾಕಿ ಮಟ್ಟ ಮಾಡಲಿಲ್ಲ. ರಸಮಟ್ಟ ಇಟ್ಟು ಒಂದೊಂದು ಕಾಲನ್ನೂ ಅದರದರ ಅಳತೆಗೆ ಕೊಯ್ದೆ. ಎರಡು ಅರ್ಧವನ್ನು ಹೊತ್ತು ತಂದು, ಕೊಂಬೆಗಳ ಕೆಳಗೆ ಬಗ್ಗಿ, ಕೂಡಿಸಿ ಬೋಲ್ಟ್ ಬಿಗಿದಾಗ ಎಲೆ ಇನ್ನೂ ಪೂರ್ತಿ ಹಸಿರು.

ಒರಗಲು ಬೆನ್ನು ಹಲಗೆ ಮಾಡಲಿಲ್ಲ. ಈ ಮರದ ಕೆಳಗೆ ಕೂತವರು ಮುಂದೆ ನೋಡುವುದಕ್ಕಿಂತ ತಲೆ ಎತ್ತಿ ನೋಡುವುದು ಹೆಚ್ಚು. ಬೆನ್ನು ಹಲಗೆ ಇದ್ದರೆ ಮಲಗಿಕೊಂಡು ನೋಡಲು ಆಗುವುದಿಲ್ಲ.

ಬಣ್ಣ ಬಂತು

ಬೆಂಚು ಇಟ್ಟ ಹತ್ತನೇ ದಿನ ಮೇಲಿನ ತುದಿಯಲ್ಲಿ ಶುರುವಾಯಿತು. ಹಗಲು ಒಳ್ಳೆಯ ಬಿಸಿಲು, ರಾತ್ರಿ ಚಳಿ, ಆದರೆ ನೀರು ಹೆಪ್ಪುಗಟ್ಟುವಷ್ಟಲ್ಲ. ಕೆಂಪಿಗೆ ಇಂಥ ದಿನಗಳೇ ಬೇಕು. ಹಗಲು ಗಿಡ್ಡ ಆಗುತ್ತಿದ್ದಂತೆ ಮರ ಎಲೆಯ ಹಸಿರನ್ನು ಒಡೆದು, ಅದರಲ್ಲಿನ ಸಾರಜನಕವನ್ನು ಕೊಂಬೆಗೆ, ಬೇರಿಗೆ ಎಳೆದುಕೊಳ್ಳುತ್ತದೆ. ಹಸಿರು ಹೋದ ಹಾಗೆ ಮೊದಲೇ ಒಳಗಿದ್ದ ಹಳದಿ ಕಾಣುತ್ತದೆ. ಆದರೆ ಕೆಂಪು ಮೊದಲೇ ಇದ್ದದ್ದಲ್ಲ. ಆಂಥೋಸಯನಿನ್ ಅನ್ನುವ ಆ ಬಣ್ಣವನ್ನು ಎಲೆ ತನ್ನ ಕೊನೆಯ ದಿನಗಳಲ್ಲಿ, ಒಳಗಿರುವ ಸಕ್ಕರೆಯಿಂದ ಹೊಸದಾಗಿ ಮಾಡುತ್ತದೆ. ಅದಕ್ಕೆ ಬಿಸಿಲು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿಯವರೆಗೆ ಎಲೆ ಬದುಕಿರಬೇಕು. ಹಿಂದಿನ ಎರಡು ವರ್ಷ ನಮ್ಮ ಮರದ ಎಲೆಗಳಿಗೆ ಆ ಆಯಸ್ಸೇ ಸಿಕ್ಕಿರಲಿಲ್ಲ.

ನಾಲ್ಕನೇ ದಿನಕ್ಕೆ ಹೊರಗಿನ ಸುತ್ತು ಪೂರ್ತಿ ಕೆಂಪು. ಒಳಗೆ, ನೆರಳಿನಲ್ಲಿ, ಕಿತ್ತಳೆ. ಕಾಂಡದ ಹತ್ತಿರ ಹಳದಿ. ಹೊರಗೆ ನಿಂತು ನೋಡಿದರೆ ಇದು ಗೊತ್ತಾಗುವುದಿಲ್ಲ, ಬರೀ ಕೆಂಪು ಕಾಣುತ್ತದೆ. ಬೆಂಚಿನ ಮೇಲೆ ಅಂಗಾತ ಮಲಗಿ ನೋಡಿದಾಗ ಮೂರೂ ಬಣ್ಣ ಪದರ ಪದರವಾಗಿ ಕಂಡವು. ಬೆಳಕು ಎಲೆಯ ಮೇಲೆ ಬಿದ್ದದ್ದನ್ನು ನೋಡುವುದಕ್ಕೂ, ಎಲೆಯನ್ನು ತೂರಿ ಬಂದದ್ದನ್ನು ನೋಡುವುದಕ್ಕೂ ಅಜಗಜಾಂತರ. ಬೆಳಿಗ್ಗೆ ಸೂರ್ಯ ತಗ್ಗಿನಲ್ಲಿ ಇರುವಾಗ ಪಶ್ಚಿಮದ ಬದಿಯಲ್ಲಿ ಕೂರಬೇಕು, ಸಂಜೆ ಪೂರ್ವದ ಬದಿಯಲ್ಲಿ. ಮರ ನಮಗೂ ಸೂರ್ಯನಿಗೂ ನಡುವೆ ಬರಬೇಕು. ಆರು ಬದಿ ಮಾಡಿದ್ದು ಇದಕ್ಕೇ ಉಪಯೋಗಕ್ಕೆ ಬಂತು. ನಾವು ದಿನವಿಡೀ ಬೆಂಚಿನ ಸುತ್ತ ಸರಿಯುತ್ತಾ ಹೋಗುತ್ತಿದ್ದೆವು.

ಒಂದು ಬೆಳಿಗ್ಗೆ ಮಗಳು ಬಿದ್ದ ಎಲೆ ಹಿಡಿದು ಓಡಿ ಬಂದಳು. "ಅಪ್ಪಾ, ಈ ಎಲೆ ಮೇಲೆ ಇನ್ನೊಂದು ಎಲೆಯ ಚಿತ್ರ ಇದೆ ನೋಡು!"

ನಿಜ. ಕೆಂಪು ಎಲೆಯ ನಡುವೆ ಹಳದಿಯಲ್ಲಿ ಅಚ್ಚು ಒತ್ತಿದ ಹಾಗೆ ಇನ್ನೊಂದು ಎಲೆಯ ಮೂರು ಬೆರಳು. ಮರದ ಮೇಲಿದ್ದಾಗ ಬೇರೊಂದು ಎಲೆ ಅದರ ಮೇಲೆ ಒರಗಿತ್ತು. ನೆರಳು ಬಿದ್ದ ಕಡೆ ಬಿಸಿಲಿಲ್ಲ, ಕೆಂಪೂ ಇಲ್ಲ. ಹದಿನೆಂಟು ವರ್ಷದಲ್ಲಿ ನಾನು ಒಮ್ಮೆಯೂ ಇದನ್ನು ಗಮನಿಸಿರಲಿಲ್ಲ. ಅವತ್ತು ಇಬ್ಬರೂ ಕೂತು ಅಂಥವು ಹದಿಮೂರು ಹುಡುಕಿದೆವು. ಜಪಾನಿನಲ್ಲಿ ಈ ಮರಕ್ಕೆ ಕಾಯೆದೆ ಅನ್ನುವ ಹೆಸರೂ ಇದೆ, ಕಪ್ಪೆಯ ಕೈ ಅನ್ನುವ ಮಾತಿನಿಂದ ಬಂದದ್ದು. 1775ರಲ್ಲಿ ಜಪಾನಿಗೆ ಹೋಗಿದ್ದ ಸ್ವೀಡನ್ನಿನ ಸಸ್ಯಶಾಸ್ತ್ರಿ ಕಾರ್ಲ್ ಪೀಟರ್ ಥುನ್‌ಬರ್ಗ್ ಇಟ್ಟ ಹೆಸರು ಏಸರ್ ಪಾಲ್ಮೇಟಮ್, ಅಂದರೆ ಅಂಗೈಯಂಥ ಎಲೆಯ ಮೇಪಲ್. ಮಗಳು ಎಲೆಯನ್ನು ತನ್ನ ಅಂಗೈ ಮೇಲಿಟ್ಟು ಅಳೆದು, ಕಪ್ಪೆಯೇ ಸರಿ ಅಂದಳು. ಎಲೆಗೆ ಏಳು ಬೆರಳು, ಅವಳಿಗೆ ಐದು.

ಅಮ್ಮ ದಿನಾ ಮಧ್ಯಾಹ್ನ ದಕ್ಷಿಣದ ಬದಿಯಲ್ಲಿ ಕೂರುತ್ತಿದ್ದಳು. ಏಳುವಾಗ ಕೈ ಊರುತ್ತಿರಲಿಲ್ಲ. ಅದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ.

ಹದಿನೆಂಟನೇ ದಿನ ಮೊದಲ ಹಿಮ ಬಿತ್ತು. ಮರುದಿನ ಬಿಸಿಲೇರುತ್ತಿದ್ದಂತೆ, ಗಾಳಿಯೇ ಇಲ್ಲದೆ, ಎಲೆಗಳು ಒಂದರ ಹಿಂದೆ ಒಂದು ಇಳಿದವು. ಮಧ್ಯಾಹ್ನದ ಹೊತ್ತಿಗೆ ಮರ ಮುಕ್ಕಾಲು ಖಾಲಿ, ಬೆಂಚಿನ ಮೇಲೆ ಒಂದು ಗೇಣು ಎಲೆ. ಎರಡು ದಿನ ಗುಡಿಸಲಿಲ್ಲ.

ಗುಡಿಸುವಾಗ ತಿಳಿದದ್ದು: 8 ಮಿ.ಮೀ. ಸಂದು ನೀರಿಗೆ ಸಾಕು, ಎಲೆಯ ತೊಟ್ಟಿಗೆ ಸಾಲದು. ತೊಟ್ಟುಗಳು ಸಿಕ್ಕಿಕೊಂಡು ಒದ್ದೆ ಹಿಡಿದುಕೊಳ್ಳುತ್ತವೆ. ಬಿದಿರು ಕಡ್ಡಿಯಿಂದ ಒಂದೊಂದೇ ತಳ್ಳಿದೆ. ಮತ್ತೊಮ್ಮೆ ಮಾಡುವುದಾದರೆ 10 ಬಿಡುತ್ತೇನೆ. ಎಲೆಯನ್ನೆಲ್ಲ ತಂತಿ ಬಲೆಯ ಗೂಡಿಗೆ ತುಂಬಿದ್ದೇನೆ. ಒಂದೆರಡು ವರ್ಷಕ್ಕೆ ಕಪ್ಪು ಎಲೆಗೊಬ್ಬರ ಆಗುತ್ತದೆ, ಅದೇ ಮರಕ್ಕೆ ಹೊದಿಕೆ. ಬುಡ ಮುಟ್ಟದ ಹಾಗೆ, ಒಂದು ಗೇಣು ಬಿಟ್ಟು.

ಉತ್ತರದ ಒಳಗಾಲಿನ ಕಲ್ಲು ಒಂದು ಬದಿಗೆ ತುಸು ಎದ್ದಿದೆ. ನಿನ್ನೆ ಎತ್ತಿ ನೋಡಿದೆ. ಕಲ್ಲಿನ ಕೆಳಗೆ ಬಿಳಿಯ ಹೊಸ ಬೇರೊಂದು ಕಿರುಬೆರಳಷ್ಟು ಉದ್ದ ಬಂದು ಹೊರಮುಖವಾಗಿ ಹೋಗುತ್ತಿತ್ತು. ಕಲ್ಲನ್ನು ನಾಲ್ಕು ಬೆರಳು ಆಚೆ ಸರಿಸಿ, ಕಾಲಿಗೆ ಹೊಸ ತೂತು ಕೊರೆದು, ಮತ್ತೆ ಬಿಗಿದೆ.